ಮಹಾರಾಣಿ ಫೋನ್ ಎಂದದ್ದು

ನನ್ನ ಮೊಬೈಲಿನಲ್ಲಿ ಅತ್ತಿಗೆಯ ಹೆಸರಿಲ್ಲ. ಅವರು ಕರೆ ಮಾಡಿದಾಗ ಪರದೆಯ ಮೇಲೆ ಬರುವುದು 'ಅಣ್ಣ' ಎಂದು. ಅಣ್ಣ ಸತ್ತು ಎಷ್ಟೋ ವರ್ಷಗಳಾದವು. ಅವನ ನಂಬರನ್ನು ಅತ್ತಿಗೆ ಬಿಟ್ಟುಕೊಡದೆ ತಾವೇ ಇಟ್ಟುಕೊಂಡರು, ನಾನು ಹೆಸರು ಬದಲಿಸಲಿಲ್ಲ. ಹ್ಯಾಂಡ್‌ಸೆಟ್‌ಗಳು ಬದಲಾದವು, ಬಟನ್ ಹೋಗಿ ಟಚ್ ಬಂತು, ಹೆಸರು ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಬಂತು. ಮುಂಬಯಿಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರು ಎರಡನೆಯ ಮಾಳಿಗೆ, ನಾನು ಮೂರನೆಯದು. ದಿನಕ್ಕೆ ನಾಲ್ಕಾರು ಸಲ 'ಅಣ್ಣ' ಕರೆಯುತ್ತಾನೆ: ಕರಿಬೇವು ಉಂಟಾ, ನೀರು ಬಂತಾ, ಗ್ಯಾಸಿನವ ಬಂದನಾ.

ಈಚೆಗೆ ಉತ್ತರದ ಒಂದು ಊರಿನ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತಲ್ಲ, ಆ ಸುದ್ದಿ ಬಂದಾಗ ನಾನು ಟಿವಿಯ ಮುಂದೆ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದೆ. ಮೊದಲು ಹೊಗೆ ಕಂಡಿತು, ಆಮೇಲೆ ಒಂಟಿ ಚಪ್ಪಲಿಗಳು. ಒಬ್ಬಳು ಹೆಂಗಸು ಒಂದು ಕೈಯಲ್ಲಿ ಫೋನನ್ನು ಕಿವಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಪೊಲೀಸನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಚಾಕು ಎಲ್ಲಿ ಬಿತ್ತೋ ಗೊತ್ತಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ನನ್ನ ಕೈ ತಾನಾಗಿ ಆ ನಂಬರನ್ನೇ ಒತ್ತುತ್ತದೆ, ಆ ದಿನವೂ ಒತ್ತಿತು.

"ನೋಡಿದೆ" ಎಂದರು ಅತ್ತಿಗೆ, ನಾನು ಬಾಯಿ ತೆರೆಯುವ ಮೊದಲೇ. "ಟಿವಿ ಬಂದ್ ಮಾಡು ಮಾರಾಯ್ತಿ. ಮೇಲೆ ಬರ್ತೇನೆ."

ಬಂದರು. ಕೆಳಗೆ ಚೆಲ್ಲಿದ್ದ ಬೀಜಗಳನ್ನು ಹೆಕ್ಕಿ ಬುಟ್ಟಿಗೆ ಹಾಕಿದರು. ಇಬ್ಬರೂ ಏನೂ ಮಾತಾಡಲಿಲ್ಲ. ನಮ್ಮ ಮನೆಯ ಕ್ರಮವೇ ಅದು.

ಅಣ್ಣನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನು ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುವ ಕೆಲಸದಲ್ಲಿದ್ದ. ಒಂದು ದಿನ ಬೆಳಗಿನ ಲೋಕಲ್‌ನಲ್ಲಿ ಹೋದವನು. ಅದೇ ರೈಲಿನಲ್ಲಿ ಬಾಂಬ್ ಇಟ್ಟಿದ್ದರು. ಸುದ್ದಿ ತಿಳಿದ ಕೂಡಲೇ ಅತ್ತಿಗೆ ಪಕ್ಕದ ಮನೆಯವರನ್ನು ಕರೆದುಕೊಂಡು ಆಸ್ಪತ್ರೆಗಳನ್ನು ಹುಡುಕಲು ಹೊರಟರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ನೀನು ಮಗುವನ್ನು ನೋಡ್ಕೊ. ಫೋನ್ ಮಾಡ್ತಾ ಇರು, ನಿಲ್ಲಿಸ್ಬೇಡ." ಮಗುವೆಂದರೆ ಅವರ ಮಗಳು, ಆಗಿನ್ನೂ ಶಾಲೆಗೆ ಸೇರಿದ ಹೊಸತು.

ನಾನು ಫೋನ್ ಮಾಡುತ್ತಲೇ ಇದ್ದೆ. ಊರಿಗೆ ಊರೇ ಫೋನ್ ಮಾಡುತ್ತಿದ್ದ ಹೊತ್ತು ಅದು, ಲೈನೇ ಸಿಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಕರೆ ಹೋಯಿತು. ರಿಂಗ್ ಆಯಿತು. ಆಗುತ್ತಲೇ ಇತ್ತು. ಆಮೇಲೆ ಯಾರೋ ಕಟ್ ಮಾಡಿದರು.

ತಾನಾಗಿ ನಿಂತ ರಿಂಗಿಗೂ ಕೈಯಿಂದ ಕಟ್ ಮಾಡಿದ್ದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಗಲ್ಲೆಯಲ್ಲಿ ಗಿರಾಕಿಗಳಿದ್ದಾಗ ಅಣ್ಣ ನನ್ನ ಫೋನನ್ನು ಹೀಗೇ ಕಟ್ ಮಾಡುತ್ತಿದ್ದ. ನಾನು ಬಾಗಿಲಾಚೆಯ ಗ್ಯಾಲರಿಗೆ ಓಡಿ ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದೆ: "ಕಟ್ ಮಾಡಿದ! ಬದುಕಿದ್ದಾನೆ!" ಬಾಗಿಲುಗಳೆಲ್ಲ ತೆರೆದುಕೊಂಡವು. ಎದುರು ಮನೆಯ ಮರಾಠಿ ಅಜ್ಜಿ ಅಳುತ್ತಲೇ ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನು ಮಗುವನ್ನು ಎತ್ತಿಕೊಂಡು "ಅಪ್ಪ ಬರ್ತಾನೆ, ಅಪ್ಪ ಬರ್ತಾನೆ" ಎಂದು ಕುಣಿಸಿದೆ. ಸಂಜೆ ಅತ್ತಿಗೆ ಬಂದರು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗೆ ವಾಚು, ಫೋನು ಮತ್ತು ರೈಲ್ವೆ ಪಾಸು ಇದ್ದವು.

ಹಾಗಾದರೆ ಕಟ್ ಮಾಡಿದ್ದು ಯಾರು? ಕೇಳಿದೆ. ಅತ್ತಿಗೆ "ಗೊತ್ತಿಲ್ಲ" ಎಂದರು. ಮತ್ತೆ ಕೇಳಿದೆ, ಮತ್ತೆ ಗೊತ್ತಿಲ್ಲ ಎಂದರು. ಬಾಂಬ್ ಇಟ್ಟವರ ಮುಖ ನಾನು ನೋಡಿದವಳಲ್ಲ. ಕೋರ್ಟು, ಚಾರ್ಜ್‌ಶೀಟು, ತಾರೀಖು ಎಲ್ಲ ನನಗೆ ತಲೆಬುಡವಿಲ್ಲದ ಸಂಗತಿ. ಆದರೆ ಆ ಬೆರಳು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಯುತ್ತಿದ್ದವನ ಜೇಬಿನಿಂದ ಫೋನ್ ಎಳೆದು, ಅವನ ತಂಗಿ ಕರೆಯುತ್ತಿದ್ದಾಳೆಂದು ನೋಡಿಯೂ ಕೆಂಪು ಬಟನ್ ಒತ್ತಿದ ಬೆರಳು. ನನ್ನ ದ್ವೇಷವೆಲ್ಲ ಅದರ ಮೇಲೆ ಹೋಗಿ ಕೂತಿತು. ಆಮೇಲೆ ದೇಶದಲ್ಲಿ ಎಲ್ಲಿ ಬಾಂಬ್ ಸಿಡಿದರೂ ನಾನು ಹೇಳುವುದು ಒಂದೇ: ಗಡಿಯಾಚೆ ಹೋಗಿ ಹೊಡೆಯಿರಿ, ಸೈನ್ಯ ಕಳಿಸಿ, ವಿಚಾರಣೆ ಗಿಚಾರಣೆ ಎಂದು ಕಾಲ ಕಳೆಯಬೇಡಿ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಗಂಟಲೂ ಪಳಗಿತ್ತು.

ಆ ಗಂಟಲಿಗೆ ಒಂದು ಉಪಯೋಗ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ಕರಾವಳಿಯಿಂದ ಬಂದ ನಾವು ಮುಂಬಯಿಯಲ್ಲೂ ಬಿಡದ ಚಟ ಅದು. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಬಾರಿಸುತ್ತಾರೆ, ನಾವು ಎದುರುಬದುರು ಕೂತು ಆ ಪದ್ಯಕ್ಕೆ ಅರ್ಥ ಹೇಳುತ್ತೇವೆ. ಬರೆದಿಟ್ಟ ಮಾತಿಲ್ಲ. ಎದುರಿನವರು ಏನು ಕೇಳಿದರೂ ಅಲ್ಲೇ, ಆಗಲೇ, ಪಾತ್ರವಾಗಿಯೇ ಉತ್ತರ ಕೊಡಬೇಕು. ಕೊಡದಿದ್ದರೆ ಸೋತ ಹಾಗೆ. ಭಾಂಡುಪ್‌ನ ನಮ್ಮ ಹೆಂಗಸರ ಕೂಟದಲ್ಲಿ ಸಿಟ್ಟಿನ ಪಾತ್ರಗಳೆಲ್ಲ ನನಗೆ, ತಾಳ್ಮೆಯವು ಅತ್ತಿಗೆಗೆ.

ನಾವು ಹೆಚ್ಚಾಗಿ ಹೇಳುತ್ತಿದ್ದದ್ದು ಊರಿನ ಮಾಸ್ತರರೊಬ್ಬರು ನಮಗೆಂದೇ ಕಟ್ಟಿಕೊಟ್ಟ ಒಂದು ಪುಟ್ಟ ಪ್ರಸಂಗ. ಬೆಟ್ಟದಾಚೆಯಿಂದ ಬಂದ ಕೆಲವರು ರಾತ್ರಿ ಒಂದು ಹಳ್ಳಿಗೆ ಬೆಂಕಿ ಇಡುತ್ತಾರೆ. ಅರಸನೂ ಸಾಯುತ್ತಾನೆ. ಸಚಿವ ದಂಡೆತ್ತಿ ಹೋಗಬೇಕೆನ್ನುತ್ತಾನೆ. ವಿಧವೆಯಾದ ಮಹಾರಾಣಿ ಬೇಡವೆನ್ನುತ್ತಾಳೆ. ವಾದ ಎಷ್ಟು ಬೇಕಾದರೂ ಬೆಳೆಯಬಹುದು, ಆದರೆ ಕೊನೆ ಮೊದಲೇ ಗೊತ್ತು. ಸಚಿವ "ರಣಭೇರಿ ಮೊಳಗಲಿ" ಎನ್ನುತ್ತಾನೆ, ಭಾಗವತರು ಯುದ್ಧದ ಪದ್ಯ ಎತ್ತುತ್ತಾರೆ, ಚೆಂಡೆ ಗುಡುಗುತ್ತದೆ. ನಾನು ಸಚಿವ, ಅತ್ತಿಗೆ ಮಹಾರಾಣಿ. ಮನೆಯಲ್ಲಿ ತುಳು, ಕನ್ನಡ, ಮರಾಠಿ ಎಲ್ಲ ಕಲಸಿದ ಮಾತಿನಲ್ಲಿ ನಾವು ತೆಂಗಿನಕಾಯಿ, ಕುಚ್ಚಲಕ್ಕಿ ಬಿಟ್ಟು ಬೇರೆ ಮಾತಾಡಿದವರಲ್ಲ. ವೇದಿಕೆಯ ಮೇಲೆ, ಪ್ರಸಂಗದ ಗ್ರಾಂಥಿಕ ಕನ್ನಡದಲ್ಲಿ, ಸತ್ತವನ ಬಗ್ಗೆ ಗಂಟೆಗಟ್ಟಲೆ ಜಗಳವಾಡುತ್ತಿದ್ದೆವು. ನೋಡುವವರಿಗೆ ಕಲೆ. ನಮಗೆ ಅದೇನೆಂದು ನಾವೂ ಕೇಳಿಕೊಳ್ಳಲಿಲ್ಲ.

ಬಸ್ ನಿಲ್ದಾಣದ ಬಾಂಬಿನ ಮರುದಿನವೇ ನಮ್ಮ ಕನ್ನಡ ಸಂಘದ ಅಧ್ಯಕ್ಷರು ನನ್ನ ಮನೆಗೆ ಬಂದರು. ಸ್ಟೇಷನ್ ರಸ್ತೆಯಲ್ಲಿ ಹೋಟೆಲು ನಡೆಸುವವರು, ಒಳ್ಳೆಯ ಮನುಷ್ಯ. ಆ ಭಾನುವಾರ ಮಧ್ಯಾಹ್ನ ನಮ್ಮ ತಾಳಮದ್ದಳೆ ಮೊದಲೇ ಗೊತ್ತಾಗಿತ್ತು.

"ಟೀಚರ್, ಕ್ಯಾನ್ಸಲ್ ಮಾಡುದು ಬೇಡ" ಎಂದರು. "ಶ್ರದ್ಧಾಂಜಲಿ ಅಂತ ಮಾಡುವ. ನಿಮ್ಮ ಅಣ್ಣನ ಫೋಟೋ ಸ್ಟೇಜಿನಲ್ಲಿ ಇಡುವ. ಏರಿಯಾದ ಲೀಡರ್ ಸಹ ಬರ್ತೇನೆ ಅಂದಿದ್ದಾರೆ. ಒಂದೇ ಒಂದು ರಿಕ್ವೆಸ್ಟ್. ಈ ಸಲ ಕೊನೆಗೆ ಮಹಾರಾಣಿ ಒಪ್ಪಿಕೊಂಡು ಸಚಿವನ ಹಣೆಗೆ ವೀರತಿಲಕ ಇಡ್ಲಿ. ಜನರಿಗೆ ಈಗ ಅದು ಬೇಕು ಟೀಚರ್. ಅವರೇ ಗಂಡನನ್ನು ಕಳ್ಕೊಂಡವರಲ್ಲವಾ, ಅವರ ಕೈಯಿಂದ ತಿಲಕ ಅಂದ್ರೆ ಅದರ ಮಾತೇ ಬೇರೆ."

ನನಗೂ ಅದೇ ಬೇಕಿತ್ತು. ಅತ್ತಿಗೆಯನ್ನು ಕೇಳದೆಯೇ ಆಗಲಿ ಎಂದುಬಿಟ್ಟೆ. ಕೆಳಗೆ ಹೋಗಿ ಹೇಳಿದಾಗ ಅವರು ಮಜ್ಜಿಗೆಹುಳಿಗೆ ಸೌತೆಕಾಯಿ ಹೆಚ್ಚುತ್ತಿದ್ದರು.

"ಫೋಟೋ ಇಡ್ಲಿ" ಎಂದರು. "ತಿಲಕ ನಾನು ಇಡುದಿಲ್ಲ."

"ಯಾಕೆ ಅತ್ತಿಗೆ? ಹೇಗೂ ಪದ್ಯದಲ್ಲಿ ಯುದ್ಧ ಆಗ್ತದಲ್ಲ?"

"ಪದ್ಯದಲ್ಲಿ ಸಚಿವ ಮಾಡ್ತಾನೆ. ರಾಣಿ ಮಾಡುದಿಲ್ಲ."

"ನಿಮಗೆ ಸಿಟ್ಟೇ ಬರುದಿಲ್ಲವಾ? ಅಲ್ಲಿ ನಿನ್ನೆ ಸತ್ತವರನ್ನು ನೋಡಿದ ಮೇಲೂ? ಅಣ್ಣನನ್ನು ಕೊಂದವರು ನಿಮ್ಮ ಹಾಗೆ ಯೋಚನೆ ಮಾಡಿದ್ರಾ?"

ಅವರು ಚಾಕು ಕೆಳಗಿಟ್ಟು ನನ್ನನ್ನು ನೋಡಿದರು. ಮತ್ತೆ ಚಾಕು ಎತ್ತಿ ಸೌತೆಕಾಯಿ ಹೆಚ್ಚತೊಡಗಿದರು. ಕಾಂದಿವಲಿಯ ಆಫೀಸಿನಿಂದ ಅದೇ ತಾನೇ ಬಂದಿದ್ದ ಅವರ ಮಗಳು ಬಾಗಿಲಲ್ಲಿ ಶೂ ಬಿಚ್ಚುತ್ತ ನಿಂತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತಾಡುವಾಗ ತಡವರಿಸುತ್ತಾಳೆ.

"ಅತ್ತೆ, ಬಾರ್ಡರ್ ಆಚೆ ಸ್ಟ್ರೈಕ್ ಮಾಡ್ಬೇಕು ಅಂತ ನಂಗೂ ಅನ್ಸುತ್ತೆ. ಆಫೀಸಲ್ಲಿ ಎಲ್ರೂ ವಹೀ ಹೇಳ್ತಾರೆ. ಲೇಕಿನ್ ಮಮ್ಮಿಗೆ ಫೋರ್ಸ್ ಮಾಡ್ಬೇಡ. ಪ್ಲೀಸ್."

"ಫೋರ್ಸ್ ಯಾರು ಮಾಡಿದ್ದು?" ಎಂದು ನಾನು ಅವಳ ಮೇಲೆ ಹಾರಿದೆ. ದಡದಡನೆ ಮೆಟ್ಟಿಲು ಹತ್ತಿ ಮೇಲೆ ಬಂದೆ. ಸತ್ತವನು ಅವರಿಗೆ ಗಂಡನಾದರೆ ನನಗೆ ಒಡಹುಟ್ಟಿದವನಲ್ಲವೆ? ಅವನ ಪರವಾಗಿ ಮಾತಾಡುವ ಹಕ್ಕು ಅವರೊಬ್ಬರದೇ ಏನು? ಭಾನುವಾರ ವೇದಿಕೆಯ ಮೇಲೆ ಅವರಿಂದ ತಿಲಕ ಇಡಿಸಿಯೇ ತೀರುತ್ತೇನೆ, ವಾದದಲ್ಲಿ ಗೆದ್ದೇ ಇಡಿಸುತ್ತೇನೆ ಎಂದು ಹಟ ಹಿಡಿದೆ. ಭಾನುವಾರದವರೆಗೆ 'ಅಣ್ಣ' ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಗೋಡೆಗೊರಗಿ ನಿಂತವರೂ ಇದ್ದರು. ಅಣ್ಣನ ಫೋಟೋಕ್ಕೆ ಮಲ್ಲಿಗೆ ಹಾರ ಹಾಕಿ, ಮುಂದೆ ಒಂದು ಬೆಳ್ಳಿ ಬಟ್ಟಲಲ್ಲಿ ಕುಂಕುಮ ಇಟ್ಟಿದ್ದರು. ಅಧ್ಯಕ್ಷರು ಇಟ್ಟದ್ದು. ಬಿಳಿ ಅಂಗಿಯ ಲೀಡರ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಕನ್ನಡ ಬಾರದು, ಪಕ್ಕದಲ್ಲಿ ಒಬ್ಬರು ಮರಾಠಿಯಲ್ಲಿ ಹೇಳಿಕೊಡುತ್ತಿದ್ದರು. ಅತ್ತಿಗೆ ಎಂದಿನ ಇಳಕಲ್ ಸೀರೆ ಉಟ್ಟು ನನ್ನೆದುರು ಬಂದು ಕೂತರು. ಕುಂಕುಮದ ಬಟ್ಟಲನ್ನು ನೋಡಿದರು, ಸರಿಸಲಿಲ್ಲ.

ಭಾಗವತರು ಪದ್ಯ ಮುಗಿಸಿದ ಕೂಡಲೇ ನಾನು ಶುರು ಮಾಡಿದೆ.

"ಮಹಾರಾಣಿ, ಮಲಗಿದ್ದವರ ಮೇಲೆ ಬೆಂಕಿ ಎಸೆದವರು ನಮ್ಮ ಮೌನವನ್ನು ತಾಳ್ಮೆಯೆಂದು ತಿಳಿಯುವುದಿಲ್ಲ, ಅನುಮತಿಯೆಂದು ತಿಳಿಯುತ್ತಾರೆ. ನಾವು ಇಂದು ಕೈಕಟ್ಟಿ ಕೂತರೆ ನಾಳೆ ಸುಡಬೇಕಾದ ಹಳ್ಳಿಯನ್ನು ಅವರು ಇಂದೇ ಆರಿಸಿಕೊಳ್ಳುತ್ತಾರೆ. ಪ್ರಜೆಗಳ ಬೆಳೆಯಲ್ಲಿ ಪಾಲು ಪಡೆದ ಅರಮನೆ, ಆ ಪ್ರಜೆಗಳ ಬೂದಿಯ ಮುಂದೆ ನಿಂತು ಧರ್ಮಸೂಕ್ಷ್ಮ ಹೇಳುವುದು ಯಾವ ಧರ್ಮ?"

ಚಪ್ಪಾಳೆ ಬಿತ್ತು. ತಾಳಮದ್ದಳೆಯಲ್ಲಿ ಮಾತಿನ ನಡುವೆ ಚಪ್ಪಾಳೆ ತಟ್ಟುವ ಕ್ರಮ ನಮ್ಮಲ್ಲಿ ಕಡಿಮೆ. ಆ ದಿನ ತಟ್ಟಿದರು. ಅತ್ತಿಗೆ ಅದು ನಿಲ್ಲುವವರೆಗೆ ಕಾದರು.

"ಸಚಿವೋತ್ತಮರೇ, ಬೆಂಕಿ ಇಟ್ಟವರು ಬೆರಳೆಣಿಕೆಯ ಮಂದಿ. ನಿಮ್ಮ ಸೈನ್ಯ ಹೊರಟಿರುವುದು ಬೆಟ್ಟದಾಚೆಯ ಇಡೀ ಸೀಮೆಗೆ. ಅಲ್ಲಿಯೂ ಒಲೆ ಹೊತ್ತಿಸುವ ಹೆಂಗಸರಿದ್ದಾರೆ. ಯಾವ ಹೊಗೆ ಪಾತಕಿಯ ಮನೆಯದು, ಯಾವುದು ಮಗುವಿಗೆ ಗಂಜಿ ಕಾಯಿಸುವವಳದು ಎಂದು ಕುದುರೆಯ ಮೇಲೆ ಕೂತು ಹೇಗೆ ಗುರುತಿಸುವಿರಿ?"

"ಹಾಗಾದರೆ ಅವರ ಬಾಗಿಲಿಗೆ ಹೋಗಿ ಕೈಮುಗಿಯೋಣವೆ?"

"ಕೈಮುಗಿಯಿರಿ ಎಂದೆನೆ? ಹಿಡಿಯಿರಿ. ಬೆಂಕಿ ಇಟ್ಟವನನ್ನೇ ಹುಡುಕಿ ತಂದು ಸಭೆಯ ಮುಂದೆ ನಿಲ್ಲಿಸಿ. ಅವನಿಗೆ ನೆರಳು ಕೊಟ್ಟ ಸೀಮೆಯ ಜೊತೆ ವ್ಯಾಪಾರ ನಿಲ್ಲಿಸಿ, ದಾರಿ ಮುಚ್ಚಿ, ಅಲ್ಲಿನ ಹಿರಿಯರನ್ನು ಕರೆಸಿ ಕೇಳಿ. ಅದಕ್ಕೆ ಹೊತ್ತು ಬೇಕು. ಹೊತ್ತು ಬೇಕಾದ ಕೆಲಸಕ್ಕೆ ಧೈರ್ಯ ಬೇಡವೆಂದು ನಿಮಗೆ ಯಾರು ಕಲಿಸಿದರು?"

"ಹೊತ್ತು! ವಿಚಾರಣೆ ಮುಗಿಯುವಷ್ಟರಲ್ಲಿ ಸಾಕ್ಷಿಗಳ ಹಲ್ಲು ಬಿದ್ದಿರುತ್ತದೆ. ಅಪರಾಧಿ ಸೆರೆಮನೆಯಲ್ಲಿ ಉಂಡುಟ್ಟು ಮುದುಕನಾಗಿರುತ್ತಾನೆ. ಆ ಹೊತ್ತು ನಿಮ್ಮ ಬಳಿ ಇರಬಹುದು ಮಹಾರಾಣಿ, ಸುಟ್ಟುಹೋದವರ ಬಳಿ ಇರಲಿಲ್ಲ!"

ಇದು ಪ್ರಸಂಗದ ಮಾತಲ್ಲ, ನನ್ನ ಮಾತು ಎಂದು ಎಲ್ಲರಿಗೂ ತಿಳಿಯಿತು. ಹಾಲ್ ಬಿಸಿಯಾಯಿತು. ಯಾರೋ ಘೋಷಣೆ ಕೂಗಿದರು. ಗೆದ್ದೆ ಎಂದುಕೊಂಡೆ. ಮುಗಿಸಿಬಿಡುವ ಹುಮ್ಮಸ್ಸಿನಲ್ಲಿ ಫೋಟೋದ ಕಡೆ ಕೈ ತೋರಿಸಿ ಗಂಟಲು ಹರಿಯುವಂತೆ ಹೇಳಿದೆ:

"ಸತ್ತವನು ಕೂಗಿ ಕರೆಯುತ್ತಿದ್ದಾನೆ. ಆ ಕರೆಗೆ ಓಗೊಡದೆ ಕೂತವರು ಯಾರು? ಹೇಳಿ ಮಹಾರಾಣಿ, ಯಾರು?"

ಅತ್ತಿಗೆ ತಲೆ ತಗ್ಗಿಸಿದರು. ಮತ್ತೆ ಎತ್ತಿದಾಗ ಅವರ ದನಿ ಇಳಿದಿತ್ತು.

"ಕರೆದದ್ದು ಸತ್ತವರಲ್ಲ ಸಚಿವರೇ, ಬದುಕಿದ್ದವರು. ಸತ್ತವರನ್ನು ಸಾಲಾಗಿ ಮಲಗಿಸಿದ್ದರು. ನಾನು ಒಬ್ಬೊಬ್ಬರನ್ನೇ ನೋಡಿಕೊಂಡು ಹೋದೆ. ಮುಖ ಗುರುತು ಹತ್ತುತ್ತಿರಲಿಲ್ಲ. ಅರಸನನ್ನೂ ನೋಡಿ ಮುಂದೆ ಹೋಗಿದ್ದೆ. ಆಗ ಹಿಂದಿನಿಂದ ಫೋನ್ ಬಡಿದುಕೊಂಡಿತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪುರಾಣದ ಕಾಲದಲ್ಲಿ ಇಲ್ಲದ್ದು ಅರ್ಥದೊಳಗೆ ಬರಬಾರದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಮ್ಮ ಕೂಟದ ಒಬ್ಬಾಕೆ ಒಮ್ಮೆ ಆವೇಶದಲ್ಲಿ "ಶತ್ರುಸೈನ್ಯ ಫಾಸ್ಟ್ ಲೋಕಲ್ ಹಿಡಿದು ಬಂದಂತೆ ಬಂತು" ಎಂದುಬಿಟ್ಟದ್ದಕ್ಕೆ ಇವತ್ತಿಗೂ ಅವಳನ್ನು ಛೇಡಿಸುತ್ತೇವೆ. ಇಂಥ ಮಾತು ಬಾಯಿತಪ್ಪಿ ಬಂದಾಗ ಎದುರಿನ ಪಾತ್ರ ಏನಾದರೂ ಹೇಳಿ ಮುಚ್ಚಬೇಕು, ಇಲ್ಲವಾದರೆ ಭಾಗವತರು ತಾಳ ತಟ್ಟಿ ನಿಲ್ಲಿಸಬೇಕು. ಅತ್ತಿಗೆಯ ಬಾಯಲ್ಲಿ ಇಷ್ಟು ವರ್ಷಗಳಲ್ಲಿ ಅಂಥದೊಂದು ಮಾತು ಬಂದದ್ದೇ ಇಲ್ಲ. ನಾನು ಮುಚ್ಚಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಒಂದು ಫೋನಲ್ಲ. ಆಸ್ಪತ್ರೆಯ ಆ ಹಾಲಿನಲ್ಲಿ ಎಷ್ಟೋ ಜೇಬುಗಳಲ್ಲಿ ಬಡಿದುಕೊಳ್ತಾ ಇತ್ತು. ಕೆಲವನ್ನು ತೆಗೆದು ಎದೆ ಮೇಲೆ ಇಟ್ಟಿದ್ರು. ಒಂದರ ಮೇಲೆ ಆಯಿ ಅಂತ ಇತ್ತು. ಒಂದರ ಮೇಲೆ ಅಮ್ಮಿ. ಒಂದರ ಮೇಲೆ ಘರ್. ಯಾರೂ ಎತ್ತುವವರಿಲ್ಲ. ನಾನು ಹಿಂದೆ ಬಂದು ಇವರ ಜೇಬಿನಿಂದ ತೆಗೆದೆ. ತಂಗಿ ಅಂತ ಇತ್ತು." ಗ್ರಾಂಥಿಕ ಕನ್ನಡ ಹೋಗಿ ನಮ್ಮ ಅಡಿಗೆಮನೆಯ ಮಾತು ಬಂದುಬಿಟ್ಟಿತ್ತು. "ಎತ್ತಿ ಎಂತ ಹೇಳುದು ಅವಳಿಗೆ? ಮಗು ಅವಳ ಹತ್ರ ಇತ್ತು. ಕಟ್ ಮಾಡಿದೆ. ನಾನೇ."

ಲೀಡರಿಗೆ ಮರಾಠಿಯಲ್ಲಿ ಹೇಳಿಕೊಡುತ್ತಿದ್ದವರು ನಡುವೆಯೇ ನಿಲ್ಲಿಸಿದ್ದರು.

"ಬೆಟ್ಟದ ಆಚೆಗೂ ಜೇಬುಗಳು ಉಂಟು, ಸಚಿವರೇ. ಅಲ್ಲಿಯೂ ಬಡಿದುಕೊಳ್ತದೆ. ಆ ಸದ್ದು ನಾನು ಕೇಳಿದ್ದೇನೆ. ಇವರ ಹೆಸರಿನಲ್ಲಿ ಅದನ್ನು ಇನ್ನೊಬ್ಬಳಿಗೆ ಕೇಳಿಸ್ಬೇಡಿ."

ಅವರ ಬಲಗೈ ತೊಡೆಯ ಮೇಲಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಅರಿಶಿನ ಹತ್ತಿದ ಹೆಬ್ಬೆರಳು. ನಾನು ಇಷ್ಟು ವರ್ಷ ಶಪಿಸಿದ ಬೆರಳು ಅದು. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡಿದ್ದು ಅದೇ, ಪ್ರತಿ ಶುಕ್ರವಾರ ನನಗೆ ಹೂ ಕಟ್ಟಿಕೊಡುವುದೂ ಅದೇ. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಎಷ್ಟು ಸಲ ಕೇಳಿದ್ದೆ ಇವರನ್ನು! ಎಷ್ಟು ಸಲ ಗೊತ್ತಿಲ್ಲ ಎಂದಿದ್ದರು!

ಭಾಗವತರು ನನ್ನನ್ನೇ ನೋಡುತ್ತಿದ್ದರು. ಸಚಿವ "ರಣಭೇರಿ ಮೊಳಗಲಿ" ಎನ್ನದೆ ಅವರು ಯುದ್ಧದ ಪದ್ಯ ಎತ್ತುವಂತಿಲ್ಲ. ಚೆಂಡೆಯವರು ಕೋಲು ಎತ್ತಿ ಹಿಡಿದಿದ್ದರು. ಆ ಎರಡು ಶಬ್ದ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಬಾಯಿ ತೆರೆದೆ, ಬರಲಿಲ್ಲ. ಮತ್ತೆ ತೆರೆದೆ. ಅಧ್ಯಕ್ಷರು ಕೆಳಗಿನಿಂದ "ಹೇಳಿ ಟೀಚರ್, ಹೇಳಿ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಭಾಗವತರು ಇನ್ನೂ ಸ್ವಲ್ಪ ಕಾದರು. ಆಮೇಲೆ ಚೆಂಡೆಯವರಿಗೆ ಕೋಲು ಇಳಿಸುವಂತೆ ಕಣ್ಣಲ್ಲೇ ಸೂಚಿಸಿ, ಜಾಗಟೆ ತಟ್ಟಿ, ನೇರ ಮಂಗಳ ಹಾಡಿದರು.

ಯುದ್ಧವಾಗದೆ ಆ ಪ್ರಸಂಗ ಮುಗಿದದ್ದು ಅದೇ ಮೊದಲು. ಜನರಿಗೆ ಏ‌ಳಬೇಕೋ ಕೂರಬೇಕೋ ತಿಳಿಯಲಿಲ್ಲ. ಲೀಡರ್ ಫೋಟೋಕ್ಕೆ ಕೈಮುಗಿದು ಹೊರಟುಹೋದರು. "ಅರ್ಧಕ್ಕೇ ಬಿಟ್ಟುಬಿಟ್ರಲ್ಲ" ಎಂದು ಅಧ್ಯಕ್ಷರು ಬೇಸರಪಟ್ಟರು. ಅವರ ಕಣ್ಣೂ ಕೆಂಪಾಗಿತ್ತು. ಹಿರಿಯರೊಬ್ಬರು ಅತ್ತಿಗೆಯ ಬಳಿ ಬಂದು, "ಎಲ್ಲ ಸರಿ, ಆದ್ರೆ ಫೋನ್ ಅಂತ ಬರಬಾರದಿತ್ತಮ್ಮ" ಎಂದರು. ಅತ್ತಿಗೆ "ಹೌದು, ತಪ್ಪಾಯ್ತು" ಎಂದರು. ಮಗಳು ವೇದಿಕೆ ಹತ್ತಿ ಬಂದು ಅಮ್ಮನ ಪಕ್ಕದಲ್ಲಿ ಕೂತು, ಅವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕುಂಕುಮದ ಬಟ್ಟಲು ಹಾಗೇ ಇತ್ತು.

ಮಗಳು ಫೋಟೋ ಹಿಡಿದುಕೊಂಡು ರಿಕ್ಷಾದಲ್ಲಿ ಹೋದಳು. ನಾವಿಬ್ಬರೂ ನಡೆದೆವು. ಸ್ಟೇಷನ್ ರಸ್ತೆಯಲ್ಲಿ ಭಾನುವಾರದ ಜನ, ತರಕಾರಿ ಗಾಡಿಗಳು, ಸಂಜೆಯ ಬೆಳಕು. ಮೀನಿನ ಮಾರ್ಕೆಟ್ ದಾಟಿದ ಮೇಲೆ ನಾನು ಕೇಳಿದೆ.

"ಯಾಕೆ ಹೇಳ್ಲಿಲ್ಲ ನೀವು?"

"ಹೇಗೆ ಹೇಳುದು? ಬಿಲ್ಡಿಂಗಿಗೆ ಬಂದ ಕೂಡ್ಲೇ ಎದುರು ಮನೆ ಅಜ್ಜಿ ಹೇಳಿದ್ರು, ನೀನು ಬದುಕಿದ್ದಾನೆ ಅಂತ ಕೂಗಿದ್ದು, ಮಗುವನ್ನು ಕುಣಿಸಿದ್ದು. ನನ್ನ ಬೆರಳಿನಿಂದ ಅಷ್ಟು ಆಸೆ ಹುಟ್ಟಿತ್ತು ಅಂತ ಗೊತ್ತಾದ ಮೇಲೆ ನಂಗೆ ಬಾಯೇ ಬರ್ಲಿಲ್ಲ."

"ಆಮೇಲಾದ್ರೂ?"

"ಆಮೇಲೆ ಹೇಳಿದ್ರೆ ನೀನು ಆ ನಂಬರಿಗೆ ಇನ್ನು ಫೋನ್ ಮಾಡ್ತಿದ್ದಿಯಾ?" ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು, "ನೀನು ಮಾಡ್ತಾ ಇದ್ದದ್ದಕ್ಕೆ ಅವರು ಸಿಕ್ಕಿದ್ದು. ಇಲ್ಲದಿದ್ರೆ ನಾನು ಇವರಲ್ಲ ಅಂತ ದಾಟಿಯೇ ಹೋಗಿದ್ದೆ ಮಾರಾಯ್ತಿ. ಹೆಂಡತಿಯಾಗಿ ನಂಗೆ ಗುರ್ತ ಸಿಗ್ಲಿಲ್ಲ. ಅದನ್ನು ಸಹ ಹೇಳ್ಬೇಕಿತ್ತಲ್ಲ."

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಹೊಡೆದು ಬೈದುಕೊಂಡು ಹೋದ. ಅತ್ತಿಗೆ ನನ್ನ ತೋಳು ಹಿಡಿದು ಬದಿಗೆ ಎಳೆದರು.

ನಾನು ಬದಲಾದೆ ಎಂದು ಯಾರಾದರೂ ತಿಳಿದರೆ ಅದು ಸುಳ್ಳು. ಟಿವಿಯಲ್ಲಿ ಆ ಹೆಂಗಸು ಪೊಲೀಸನ ಅಂಗಿ ಜಗ್ಗುವುದನ್ನು ಮತ್ತೆ ತೋರಿಸಿದಾಗ ನನ್ನ ರಕ್ತ ಮತ್ತೆ ಕುದಿಯಿತು. ಹೊಡೆದವರನ್ನು ಹೊಡೆಯಬೇಡಿ ಎನ್ನಲು ನನ್ನಿಂದ ಇಂದಿಗೂ ಆಗುವುದಿಲ್ಲ. ಅತ್ತಿಗೆ ಹೇಳಿದ ದಾರಿಯಲ್ಲಿ ನ್ಯಾಯ ಸಿಕ್ಕಿದ್ದನ್ನು ನಾನು ಕಂಡಿಲ್ಲ ಎಂದು ಅವರಿಗೇ ಹೇಳಿದ್ದೇನೆ. ನಿನ್ನ ದಾರಿಯಲ್ಲಿ ಸಿಕ್ಕಿದ್ದನ್ನು ನೀನು ಕಂಡಿದ್ದೀಯಾ ಎಂದು ಅವರು ಕೇಳಿದ್ದಾರೆ. ಈಗ ಇದನ್ನೆಲ್ಲ ಅಡಿಗೆಮನೆಯಲ್ಲಿ ಕೂತೇ ಮಾತಾಡುತ್ತೇವೆ. ಆದರೆ ಆ ಎರಡು ಶಬ್ದ ಮತ್ತೆ ನನ್ನ ಬಾಯಿಂದ ಬಂದಿಲ್ಲ. ಸಚಿವನ ಪಾತ್ರವನ್ನು ಈಗ ಬೇರೆಯವರು ಹೇಳುತ್ತಾರೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ನನ್ನ ಮೊಬೈಲು ಮೇಜಿನ ಮೇಲೆ ಬಡಿದುಕೊಂಡಿತು. ಪರದೆಯ ಮೇಲೆ 'ಅಣ್ಣ'. ನಾನು ನೋಡುತ್ತ ನಿಂತೆ. ರಿಂಗ್ ಆಗುತ್ತಲೇ ಇತ್ತು. ಆಸ್ಪತ್ರೆಯ ಆ ಹಾಲಿನಲ್ಲಿ ಅತ್ತಿಗೆಗೆ ಕೇಳಿಸಿದ್ದು ಹೀಗೆಯೇ ಎಂದು ಆಗ ತಿಳಿಯಿತು. ಕುರ್ಚಿ ಎಳೆದು ಕೂತೆ. ಕೂತುಕೊಂಡೇ ಎತ್ತಿದೆ.

"ಎಂತ ಮಾರಾಯ್ತಿ, ಎತ್ಲಿಕ್ಕೆ ಇಷ್ಟು ಹೊತ್ತು? ಕರಿಬೇವು ಉಂಟಾ?"

"ಉಂಟು, ತರ್ತೇನೆ" ಎಂದೆ. "ಅತ್ತಿಗೆ, ಕಟ್ ಮಾಡ್ಬೇಡಿ."

ಅವರು ಕಟ್ ಮಾಡಲಿಲ್ಲ. ಕೆಳಗಿನ ಮನೆಯ ಕುಕ್ಕರ್ ಕೂಗಿದ್ದು ಒಮ್ಮೆ ಫೋನಿನಲ್ಲಿ, ಒಮ್ಮೆ ಕಿಟಕಿಯಲ್ಲಿ ಕೇಳಿಸಿತು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಕರಿಬೇವು ತೆಗೆದುಕೊಂಡು ಮೆಟ್ಟಿಲಿಳಿದೆ.